ಮೊಲದ ಟ್ರೇಗೆ ಶೇಂಗಾ ಹೊಟ್ಟು

೧೭ ನವೆಂಬರ್ ೨೦೦೦, ಶುಕ್ರವಾರ

ಮನೆಯಲ್ಲಿ ಜಗಳ ಆಡಲು ಯಾರೂ ಇಲ್ಲ, ಅದಕ್ಕೆ ಬರೆಯಲು ಕೂತಿದ್ದೇನೆ. ಅವ್ವ ಇದ್ದಾಳೆ. ಆದರೆ ನನ್ನವ್ವ ಕಲ್ಯಾಣಮ್ಮನ ಜೊತೆ ಜಗಳ ಆಡಿ ಗೆದ್ದವರು ಈ ಕೊಟ್ಟೂರಿನಲ್ಲಿ ಇನ್ನೂ ಹುಟ್ಟಿಲ್ಲ.

ಹೆಂಡತಿ ಅರ್ಚನಾಳನ್ನು ನಿನ್ನೆ ಹರಪನಹಳ್ಳಿಗೆ, ಅವಳ ತವರಿಗೆ ಬಿಟ್ಟು ಬಂದೆ. ಬಸುರಿ, ಐದು ತಿಂಗಳು ತುಂಬಿದೆ. ಹಿಂದೆ ಎರಡು ಸಲ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈ ಸಲ ದಾವಣಗೆರೆಯ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ: ಹಾಸಿಗೆ ಬಿಟ್ಟು ಏಳಬಾರದು, ಭಾರ ಎತ್ತಬಾರದು, ಮನಸ್ಸಿಗೆ ಯಾವ ಪೆಟ್ಟೂ ಬೀಳಬಾರದು. ಕೊನೆಯ ಮಾತನ್ನು ನನ್ನ ಮುಖ ನೋಡಿ ಹೇಳಿದರು, ನಾನೇನೋ ದಿನಾ ಬಡಿಗೆ ಹಿಡಿದು ನಿಂತಿರುವವನ ಹಾಗೆ.

ಹೊರಡುವಾಗ ನನಗೆ ಏನಾದರೂ ಹೇಳುತ್ತಾಳೆ ಅಂದುಕೊಂಡಿದ್ದೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಸಿಟ್ಟು ಮಾಡಬೇಡಿ, ಇಂಥದ್ದು. ಅವಳು ನನ್ನ ಕೈ ಹಿಡಿದು ಹೇಳಿದ್ದೇ ಬೇರೆ. "ಅಳ್ಳೂಂದು ಟ್ರೇ ದಿನಾ ಬದಲಿ ಮಾಡ್ರಿ. ಹಸಿ ಆದ್ರ ಅದರ ಕಾಲು ಹುಣ್ಣಾಗತಾವ. ಅದಕ್ಕೇನರ ಆದ್ರ ನಾ ತಡಕೊಳ್ಳಂಗಿಲ್ಲ ನೋಡ್ರಿ."

ಅಳ್ಳು ಅಂದರೆ ಮೊಲ. ಎರಡನೆಯದೂ ಹೋದಾಗ ಅವಳ ಅಣ್ಣ ಹೊಸಪೇಟೆಯಿಂದ ತಂದುಕೊಟ್ಟದ್ದು. ಪಂಚಮಿಗೆ ಹುರಿಯುವ ಜೋಳದ ಅಳ್ಳಿನಷ್ಟು ಬೆಳ್ಳಗಿದೆ ಅಂತ ಆ ಹೆಸರು. ನಡುಮನೆಯಲ್ಲಿ ಆರಾಮಾಗಿ ಓಡಾಡಿಕೊಂಡಿರುತ್ತದೆ. ಮೂಲೆಯಲ್ಲಿ ಒಂದು ತಗಡಿನ ಟ್ರೇ ಇದೆ, ಉಚ್ಚೆ ಹಿಕ್ಕೆ ಎಲ್ಲ ಅದರೊಳಗೇ. ಅದನ್ನು ಅರ್ಚನಾ ಕಲಿಸಿದ್ದಾಳೆ. ನಮ್ಮ ಓಣಿಯ ಎಷ್ಟೋ ಗಂಡಸರಿಗೆ ಇನ್ನೂ ಬಂದಿಲ್ಲದ ಬುದ್ಧಿ ಅದು, ಒಪ್ಪಿಕೊಳ್ಳಬೇಕು. ಟ್ರೇಗೆ ಅವಳು ಒಣ ಹುಲ್ಲು ಹಾಸುತ್ತಿದ್ದಳು. ಹುಲ್ಲು ತರುತ್ತಿದ್ದ ದ್ಯಾಮಕ್ಕ ಈಗ ಶೇಂಗಾ ಬಿಡಿಸುವ ಕೂಲಿಗೆ ಹೋಗುತ್ತಾಳೆ. ಸುಗ್ಗಿ ಮುಗಿಯುವ ತನಕ ಹುಲ್ಲು ಗಿಲ್ಲು ಕೇಳಬೇಡಿ ಅಂದಿದ್ದಾಳೆ.

ಹೀಗೆ ಶೇಂಗಾ ಮಿಲ್ಲಿನ ಮಾಲೀಕ ಅಮರೇಶ, ತುಂಬಿದ ಸುಗ್ಗಿಯಲ್ಲಿ, ಮೊಲದ ಪಾಯಖಾನೆಯ ಜವಾನನಾದ.

೧೯ ನವೆಂಬರ್, ಭಾನುವಾರ

ಹಳೆ ಪೇಪರು ಹಾಸಿದೆ. ಬೆಳಗಾಗುವಷ್ಟರಲ್ಲಿ ಅರ್ಧ ತಿಂದಿತ್ತು, ಉಳಿದರ್ಧ ನೆನೆದು ಮುದ್ದೆಯಾಗಿತ್ತು. ವಾಸನೆ ನೇರವಾಗಿ ದೇವರ ಕೋಣೆಗೆ ಹೋಯಿತು. ಅವ್ವ ಪೂಜೆಗೆ ಕೂತವಳು ಅಂಗೈಯಲ್ಲಿ ಲಿಂಗ ಹಿಡಿದುಕೊಂಡೇ ಕೂಗಿದಳು.

"ಲೇ ಅಮರಾ, ಮೊಲಕ್ಕ ಪೇಪರ್ ಓದಾಕ ಕೊಟ್ಟೀಯೇನು? ದೇಶದ ಸುದ್ದಿ ಎಲ್ಲಾ ನಾರಾಕತ್ತೈತಿ!"

"ಊದಿನಕಡ್ಡಿ ಹಚ್ಚವ್ವ."

"ಊದಿನಕಡ್ಡಿ ಶಿವಗ ಹಚ್ಚಲೋ, ಮೊಲಕ್ಕ ಹಚ್ಚಲೋ? ಅಕಿ ಬರೂತನಕ ಯಾರ ಮನ್ಯಾಗರ ಬಿಟ್ಟು ಬಾ ಅದನ್ನ. ಮನ್ಯಾಗ ಕೂಡ್ರಾಕ ಆಗವಲ್ದು."

ಯಾರ ಮನೆಯಲ್ಲಿ ಬಿಡಲಿ? ಮಿಲ್ಲಿನಲ್ಲಿ ಮೂಟೆ ಹೊರುವ ಯರ್ರೆಪ್ಪನ ಮನೆಯಲ್ಲಿ ಕುರಿ ಹಿಂಡು ಇದೆ, ಒಂದು ಮೊಲ ಹೆಚ್ಚಾಗಲಾರದು ಅಂತ ಅವನನ್ನು ಕೇಳಿದೆ. ಅವನು ಮೀಸೆ ಸವರಿಕೊಂಡು, "ಕೊಡ್ರಿ ಸಾವ್ಕಾರ್ರ. ಮಸಾಲಿ ಹೆಂಗೂ ಮನ್ಯಾಗ ಅರದಿಟ್ಟಾಳ" ಅಂದ. ಹಮಾಲರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಸಂಜೆ ಅರ್ಚನಾಳ ಫೋನು. "ಅಳ್ಳು ಹೆಂಗೈತಿ?" ಚಲೋ ಐತಿ ಅಂದೆ. "ಹಾಸಾಕ ಏನ್ ಹಾಕೀರಿ?" ಪೇಪರು ಅಂದೆ. "ಅಯ್ಯ, ಪೇಪರ್ ಬ್ಯಾಡ್ರಿ. ಅದು ಹಾಸಿದ್ದನ್ನೆಲ್ಲಾ ಕಡದು ನೋಡತೈತಿ. ಮಸಿ ಹೊಟ್ಟಿಗೆ ಹೋಗತೈತಿ. ತಿಂದ್ರೂ ಏನೂ ಆಗದಂಥಾದ್ದು ಹಾಕ್ರಿ." ನನ್ನ ಊಟದ ಸುದ್ದಿ ಇಲ್ಲ. ಇರಲಿ.

೨೨ ನವೆಂಬರ್, ಬುಧವಾರ

ಸೋಮವಾರ ಒಲೆಯ ಬೂದಿ ಹಾಕಿದೆ. ವಾಸನೆ ನಿಂತಿತು, ಆದರೆ ಮೊಲ ಅದರಲ್ಲಿ ಹೊರಳಾಡಿ ಎದ್ದು ಮನೆ ತುಂಬ ಓಡಾಡಿತು. "ನೋಡಲೇ, ವಿಭೂತಿ ಹಚ್ಚಿಕೊಂಡು ಜಂಗಮ ಬಂದಾನ, ಪಾದ ತೊಳಿ" ಅಂತ ಅವ್ವ ನಕ್ಕಿದ್ದೇ ನಕ್ಕಿದ್ದು. ನಿನ್ನೆ ಹಳ್ಳದ ಉಸುಕು ಹಾಕಿದೆ. ನೆನೆದ ಉಸುಕು ಟ್ರೇಗೆ ಅಂಟಿ ಗಾರೆಯಂತಾಯಿತು, ಕೆರೆದು ಕೆರೆದು ಉಗುರು ಹೋಯಿತು. ಇವತ್ತು ಕಟ್ಟಿಗೆ ಕೊಯ್ಯುವಲ್ಲಿಂದ ಕಟ್ಟಿಗೆ ಪುಡಿ ತಂದೆ. ಯಾವ ಮರದ್ದು ಅಂತ ಕೇಳಿದರೆ, "ಎಲ್ಲಾ ಮರದ್ದೂ ಐತ್ರಿ, ಪ್ಯಾಕಿಂಗ್ ಪೆಟಿಗಿದೂ ಐತಿ" ಅಂದರು. ಹಾಕಿ ಗಳಿಗೆಯಾಗಿಲ್ಲ, ಅದು ಸೀನಲು ಶುರು ಮಾಡಿತು. ಮೊಲ ಸೀನುವುದನ್ನು ನಾನು ಈ ಜನ್ಮದಲ್ಲಿ ನೋಡಿದ್ದು ಇವತ್ತೇ. ಮೂಗಿನ ಮೇಲೆ ಎರಡೂ ಮುಂಗಾಲು ಇಟ್ಟುಕೊಂಡು ಒರೆಸಿಕೊಳ್ಳುತ್ತದೆ, ಸಣ್ಣ ಹುಡುಗರ ಹಾಗೆ. ಪುಡಿ ತೆಗೆದು ಚೆಲ್ಲಿದೆ.

ಹೊರಗೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿವೆ, ರೈತರು ಬೈಯುತ್ತಿದ್ದಾರೆ, ನಾನಿಲ್ಲಿ ಮೊಲದ ಮೂಗು ನೋಡುತ್ತ ಕೂತಿದ್ದೇನೆ. ಥೂ.

೨೫ ನವೆಂಬರ್, ಶನಿವಾರ, ಅಮಾವಾಸ್ಯೆ

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲಾ ತುಪ್ಪಕ್ಕೆ ಅಲೆದೆ ನೋಡು!

ಅಮಾವಾಸ್ಯೆ ಅಂತ ಮಿಲ್ಲಿಗೆ ರಜೆ. ಮಷೀನಿಗೆ ಕಾಯಿ ಒಡೆದು ಹಿಂದಿನ ಗೋದಾಮಿಗೆ ಹೋದೆ. ಎದುರಿಗೇ ಶೇಂಗಾ ಹೊಟ್ಟು. ನಮ್ಮಪ್ಪ ಬೆನಕಪ್ಪನ ಕಾಲದಿಂದ ಶೇಂಗಾ ಸುಲಿದು ಬದುಕಿದ ಮನೆ ನಮ್ಮದು, ನಾನು ಹೊಟ್ಟಿನ ರಾಶಿಯ ಮೇಲೆ ಜಾರಿ ಆಡಿ ಬೆಳೆದವನು. ಮೊಲಕ್ಕೆ ಏನು ಹಾಸಲಿ ಅಂತ ಊರೂರು ಕೇಳುತ್ತಿದ್ದೇನೆ! ಈ ಸುಗ್ಗಿಯ ಹೊಟ್ಟು ಇನ್ನೂ ಮಣ್ಣು ಮಣ್ಣು, ಹಸಿ. ಅದು ಹಾಗೇ ಇಟ್ಟಿಗೆ ಭಟ್ಟಿಗೆ ಹೋಗುತ್ತದೆ. ನಾನು ತೆಗೆದದ್ದು ಒಳಗಿನದು, ಮೂಟೆಗಳ ಕೆಳಗೆ ತಂಪು ಏರದಿರಲಿ ಅಂತ ಹಾಸಿಟ್ಟ ಬೇಸಿಗೆಯ ಹೊಟ್ಟು. ಹಿಡಿದರೆ ಗರಿಗರಿ. ಕೈಯಾಡಿಸಿ, ಕೆದಕಿ, ಬೆಳಕಿಗೆ ಹಿಡಿದು ನೋಡಿದೆ. ಒಂದು ಹುಳ ಇಲ್ಲ. ಇಡೀ ಗೋದಾಮಿನಲ್ಲಿ ಅದಕ್ಕಿಂತ ಚಲೋ ಮಾಲು ಇಲ್ಲ. ಒಂದು ಚೀಲ ತುಂಬಿ ನಾನೇ ಹೆಗಲ ಮೇಲೆ ಹೊತ್ತು ತಂದೆ.

ಟ್ರೇ ತುಂಬ ದಪ್ಪಗೆ ಹಾಸಿದೆ. ಅಳ್ಳು ಒಳಗೆ ಹಾರಿ ಒಂದು ಸುತ್ತು ತಿರುಗಿತು, ಒಂದು ಸಿಪ್ಪೆ ಕಚ್ಚಿ ಕಟಕಟ ಅನ್ನಿಸಿತು. ಸಂಜೆಯವರೆಗೂ ವಾಸನೆ ಇಲ್ಲ. ಅವ್ವ ಕೂಡ ಸುಮ್ಮನಿದ್ದಾಳೆ, ಅದೇ ದೊಡ್ಡ ಸರ್ಟಿಫಿಕೇಟು.

ಅರ್ಚನಾಗೆ ನಾನೇ ಫೋನು ಮಾಡಿ ಹೇಳಿದೆ. "ಮಿಲ್ಲಿನ ಹೊಟ್ಟು ಅದಕ್ಕ ನಡೀತೈತೇನ್ರಿ?" ಅಂದಳು. ನನಗೆ ಸಿಟ್ಟು ಬಂತು. "ಹೊಟ್ಟಿನ ಬಗ್ಗಿ ನನಗ ಹೇಳಾಕ ಬರಬ್ಯಾಡ ನೀ. ಇಷ್ಟು ವರ್ಷ ಮಣ್ಣು ಹೊತ್ತೀನೇನು?" ಅಂದೆ. "ಆತು ಬಿಡ್ರಿ" ಅಂದಳು. ಡಾಕ್ಟರಮ್ಮನ ಮಾತು ಆಮೇಲೆ ನೆನಪಾಯಿತು.

೧ ಡಿಸೆಂಬರ್, ಶುಕ್ರವಾರ

ಅಳ್ಳು ಸರಿಯಾಗಿ ತಿನ್ನುತ್ತಿಲ್ಲ. ಕೊತ್ತಂಬರಿ ಮೂಸಿ ಬಿಟ್ಟಿತು. ಅವಳ ನೆನಪಾಗಿರಬೇಕು. ಅವಳ ಹಳೆ ರವಿಕೆಯೊಂದನ್ನು ಪಕ್ಕದಲ್ಲಿ ಇಟ್ಟಿದ್ದೇನೆ. ಫೋನಿನಲ್ಲಿ ಚಲೋ ಐತಿ ಅಂದೆ.

೩ ಡಿಸೆಂಬರ್, ಭಾನುವಾರ

ಹಿಕ್ಕೆ ಸಣ್ಣದಾಗಿದೆ, ಸಾಸಿವೆ ಗಾತ್ರ. ಸಂಜೆಗೆ ಬಾಯಿಂದ ಜೊಲ್ಲು ಇಳಿಯತೊಡಗಿತು, ಎದೆಯ ಕೂದಲೆಲ್ಲ ತೊಯ್ದಿದೆ. ಕೈಯಲ್ಲಿ ಎತ್ತಿಕೊಂಡರೆ ಒಳಗೆ ಏನೋ ಮಷೀನು ಓಡುತ್ತಿರುವ ಹಾಗೆ ನಡುಗುತ್ತದೆ. ಅವ್ವ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. "ಯಾರದ್ದೋ ಕಣ್ಣು ಬಿದ್ದೈತಿ. ಬೆಳ್ಳಗಿದ್ದದ್ದಕ್ಕ ಲಗೂನ ತಾಕತೈತಿ" ಅಂದಳು. ಭಾನುವಾರ, ದನದ ದವಾಖಾನೆ ಇಲ್ಲ. ಅದೇ ಚೀಲದಿಂದ ಇನ್ನಷ್ಟು ಹೊಟ್ಟು ಮೆತ್ತಗೆ ಹಾಸಿ ಮಲಗಿಸಿದ್ದೇನೆ. ಬೇರೆ ಏನು ಮಾಡಬೇಕೋ ಗೊತ್ತಾಗುತ್ತಿಲ್ಲ.

ಅರ್ಚನಾ ಫೋನು ಮಾಡಿದಾಗ ದನಿ ಸರಿ ಮಾಡಿಕೊಂಡು ಮಾತಾಡಿದೆ. ಈಗ ಮೂರು ಹಿಡಿ ಕೊತ್ತಂಬರಿ ತಿಂತು ಅಂದೆ.

೪ ಡಿಸೆಂಬರ್, ಸೋಮವಾರ

ಮಂಡಕ್ಕಿ ಬುಟ್ಟಿಯಲ್ಲಿ ಅಳ್ಳುವನ್ನು ಮಲಗಿಸಿ, ಮೇಲೆ ಟವಲು ಮುಚ್ಚಿ, ಯರ್ರೆಪ್ಪನನ್ನು ಕರೆದುಕೊಂಡು ದನದ ದವಾಖಾನೆಗೆ ಹೋದೆ. ಅಲ್ಲಿ ಕುರಿ, ಎಮ್ಮೆ, ಎತ್ತು. ಮೊಲ ತಂದವನು ನಾನೊಬ್ಬನೇ. ಒಬ್ಬ ಮುದುಕ ಬುಟ್ಟಿಯೊಳಗೆ ಇಣುಕಿ, "ಇದಕ್ಕ ಹಾಲು ಎಷ್ಟು ಬರತೈತ್ರಿ?" ಅಂದ. ಅವನಿಗೊಂದು ಬಾರಿಸಬೇಕು ಅನಿಸಿತು.

ಡಾಕ್ಟರು ಚಿಕ್ಕ ವಯಸ್ಸಿನವರು. ಮೊಲವನ್ನು ಮೇಜಿನ ಮೇಲೆ ಇಟ್ಟುಕೊಂಡು, "ಮೊಲದ ಬಗ್ಗೆ ಓದಿದ್ದೀನಿ ಸಾರ್, ಕೈಯಲ್ಲಿ ಹಿಡಿದಿದ್ದು ಇವತ್ತೇ ಮೊದಲು" ಅಂದರು. ಕಣ್ಣು ಬಿಡಿಸಿ ನೋಡಿದರು. ಬಗ್ಗಿ ಕೂದಲು ಮೂಸಿದರು. ತಲೆ ಎತ್ತಿ ನನ್ನನ್ನು ನೋಡಿದರು.

"ಇದೇನು ವಾಸನೆ ಸಾರ್?"

"ವಾಸನಿ ಎಲ್ಲೈತ್ರಿ? ಅದಕ್ಕ ಅಂತನ ಹೊಟ್ಟು ಹಾಕೀನಿ."

"ಔಷಧಿ ವಾಸನೆ. ನಿಮಗೆ ಗೊತ್ತಾಗ್ತಿಲ್ವಾ?"

ನಾನೂ ಬಗ್ಗಿ ಮೂಸಿದೆ. ದೇವರಾಣೆ, ನನಗೆ ಏನೂ ಗೊತ್ತಾಗಲಿಲ್ಲ. ಬಾಗಿಲಲ್ಲಿ ಕುರಿಮರಿ ಹಿಡಿದು ನಿಂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಯರ್ರೆಪ್ಪನ ಕಡೆ ತಿರುಗಿದೆ. ಅವನೂ ಬಗ್ಗಿ ಮೂಸಿದ. ಅವನಿಗೂ ಗೊತ್ತಾಗಲಿಲ್ಲ. ಮಿಲ್ಲಿನವರಾದ ನಾವಿಬ್ಬರು ಬಿಟ್ಟು ಆ ಕೋಣೆಯಲ್ಲಿದ್ದವರಿಗೆಲ್ಲ ಅದು ಗೊತ್ತಾಗುತ್ತಿತ್ತು. ಅವ್ವನಿಗೂ ಗೊತ್ತಾಗಿರಬೇಕು, ಮಿಲ್ಲಿನ ಮಾಲು ನಾರುವುದೇ ಹೀಗೆ ಅಂತ ಬಿಟ್ಟಿರಬೇಕು.

ಹುಳ ಸಾಯಿಸುವ ಪುಡಿ. ದಸರೆಯ ಮುಂದೆ ನಾನೇ ನಿಂತು ಹೊಡೆಸಿದ್ದು. ಗೋಡೆಗೆ, ಗೋಣಿಚೀಲಕ್ಕೆ, ಮೂಟೆಯ ಕೆಳಗಿನ ಹಾಸಿಗೆಗೆ. ಕೊಟ್ಟೂರಿನಲ್ಲಿ ಯಾವ ಮಿಲ್ಲಿನವನು ಹೊಡೆಸುವುದಿಲ್ಲ? ಹೊಡೆಸದಿದ್ದರೆ ಶೇಂಗಾ ಬೀಜ ಉಳಿಯುವುದಿಲ್ಲ. ಆದರೆ ಹೊಟ್ಟು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದೆನಲ್ಲ, ಒಂದು ಹುಳ ಇಲ್ಲ ಅಂತ ಖುಷಿಪಟ್ಟೆನಲ್ಲ, ಯಾಕಿಲ್ಲ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ. ಹುಳ ಬದುಕದ ಜಾಗದಲ್ಲಿ ಮೊಲವನ್ನು ಮಲಗಿಸಿದೆ. ನಿನ್ನೆ ಇನ್ನಷ್ಟು ಹಾಕಿ ಮಲಗಿಸಿದೆ.

ಡಾಕ್ಟರು ಸೂಜಿ ಹಾಕಿದರು. ಉಗುರು ಬೆಚ್ಚಗಿನ ನೀರಿನಲ್ಲಿ ಒರೆಸಿ, ಶುದ್ಧ ಹಾಸಿಗೆ ಹಾಕಿ, ಬೆಚ್ಚಗಿಡಿ ಅಂದರು. "ಉಳೀತೈತೇನ್ರಿ?" ಅಂದೆ. "ಹೇಳೋಕೆ ಬರಲ್ಲ ಸಾರ್" ಅಂದರು. ಪಾಪ, ಅವರ ಮುಖವೂ ಸಣ್ಣದಾಗಿತ್ತು.

೫ ಡಿಸೆಂಬರ್, ಮಂಗಳವಾರ

ಜೀವ ಇದೆ. ಹತ್ತಿಯಲ್ಲಿ ನೀರು ಅದ್ದಿ ಬಾಯಿಗೆ ಹಿಂಡುತ್ತಿದ್ದೇನೆ. ಮಿಲ್ಲಿಗೆ ಹೋಗಲಿಲ್ಲ.

೬ ಡಿಸೆಂಬರ್, ಬುಧವಾರ

ಬರೆಯಬಾರದು ಅಂದುಕೊಂಡಿದ್ದೆ. ಆದರೆ ತಲೆಯಿಂದ ಹೋಗುತ್ತಿಲ್ಲ.

ಮಿಲ್ಲಿನಿಂದ ನಾನು ಬಂದ ಕೂಡಲೇ ಅರ್ಚನಾ ನನ್ನ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ಬಚ್ಚಲಿಗೆ ಒಯ್ಯುತ್ತಿದ್ದಳು. ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ನಾನು ಅದನ್ನು ನಖರಾ ಅಂದುಕೊಂಡಿದ್ದೆ. ದಿನಾ ಕೈಯಿಂದಲೇ ತಿಕ್ಕಿ ಒಗೆಯುತ್ತಿದ್ದಳು. ಮೊದಲನೇ ಸಲ ಬಸಿರಾದಾಗಲೂ. ಎರಡನೇ ಸಲವೂ.

ದಾವಣಗೆರೆಗೆ ಫೋನು ಮಾಡಿ, ಅಂಗಿಯಲ್ಲಿದ್ದ ಪುಡಿಯಿಂದಲೇ ಹಾಗಾಯಿತೇ ಅಂತ ಡಾಕ್ಟರಮ್ಮನನ್ನು ಕೇಳಿದೆ. ಬಹಳ ಹೊತ್ತು ನನ್ನ ಮಾತು ಕೇಳಿಸಿಕೊಂಡರು. "ಇರಬಹುದು, ಇಲ್ಲದೆಯೂ ಇರಬಹುದು. ಯಾರಿಗೂ ಹೇಳಲು ಬರುವುದಿಲ್ಲ. ಈಗ ತವರಲ್ಲಿದ್ದಾರಲ್ಲ, ಅಷ್ಟು ಸಾಕು" ಅಂದರು. ಹೌದು ಅಂದಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದೆ. ಇಲ್ಲ ಅಂದಿದ್ದರೆ ಮಲಗಿ ನಿದ್ದೆ ಮಾಡುತ್ತಿದ್ದೆ. ಎರಡೂ ಅನ್ನಲಿಲ್ಲ.

ಇವತ್ತಿನಿಂದ ಮಿಲ್ಲಿನಲ್ಲೇ ಸ್ನಾನ, ಮಿಲ್ಲಿನಲ್ಲೇ ಅಂಗಿ ಬದಲು. ಯರ್ರೆಪ್ಪ ನೋಡಿ, "ಸಾವ್ಕಾರ್ರು ಮದಿವಿ ಗಂಡ ಆಗ್ಯಾರ" ಅಂದ. ಅವನಿಗೂ ತೊಳೆದುಕೊಂಡು ಹೋಗು ಅಂದೆ. ಅವನ ಸೊಸೆಯೂ ಬಸುರಿ.

೭ ಡಿಸೆಂಬರ್, ಗುರುವಾರ

ಅಳ್ಳುವಿನ ಹಿಂಗಾಲು ಏಳುತ್ತಿಲ್ಲ. ಉಚ್ಚೆ ಮಾಡಿದಲ್ಲೇ ಮಲಗುತ್ತದೆ. ಈಗ ಏನು ಹಾಸಲಿ? ಮೊದಲು ವಾಸನೆ ಒಂದೇ ಚಿಂತೆಯಾಗಿತ್ತು. ಈಗ ಯಾವುದನ್ನು ಮುಟ್ಟಿದರೂ ಹೆದರಿಕೆ.

ಹೊಸಹಳ್ಳಿ ಕಡೆಯಿಂದ ಬಂಡಿಯಲ್ಲಿ ಜೋಳದ ಕಣಿಕೆ ಮಾರಲು ತಂದಿದ್ದರು. "ಹುಳದ ಎಣ್ಣಿ ಹೊಡದೀರೇನು ಬೆಳಿಗೆ?" ಅಂತ ಕೇಳಿದೆ. "ಹೊಡೀಲಾರದ ಜೋಳ ಎಲ್ಲೈತ್ರಿ ಈಗ?" ಅಂತ ಬಂಡಿಯವನು ನಕ್ಕ. ಭತ್ತದ ಹುಲ್ಲು ಕೇಳಿದೆ, ಅದಕ್ಕೆ ಇನ್ನೂ ಹೆಚ್ಚು ಹೊಡೆಯುತ್ತಾರಂತೆ. ಬಯಲಿನ ಹುಲ್ಲು ತರೋಣ ಅಂತ ಯರ್ರೆಪ್ಪ ಹೋದ. ತಂದದ್ದನ್ನು ನೋಡಿದರೆ ಶೇಂಗಾ ಹೊಲದ ಬದುವಿನದು. ಬದುವಿನಾಚೆಯ ಹೊಲಕ್ಕೆ ಹೊಡೆದದ್ದು ಗಾಳಿಗೆ ಇತ್ತ ಬರುವುದಿಲ್ಲವೇ? ನನ್ನ ಮೂಗು ಸತ್ತಿದೆ, ಮೂಸಿದರೂ ತಿಳಿಯುವುದಿಲ್ಲ. ಅವ್ವನಿಗೆ ಮೂಸಲು ಕೊಟ್ಟೆ. "ಹುಲ್ಲು ಹುಲ್ಲಿನಂಗ ನಾರತೈತಿ. ನಾನೇನ್ ಎಮ್ಮಿ ಏನಲೇ?" ಅಂದಳು. ಹಿತ್ತಲಿಗೆ ಎಸೆದೆ.

ಇಷ್ಟು ದೊಡ್ಡ ಊರು. ಒಂದು ಮೊಲ ಮಲಗಲು ಹಿಡಿಯಷ್ಟು ಶುದ್ಧ ಜಾಗ ಸಿಗುತ್ತಿಲ್ಲ. ಬರಿ ತಗಡಿನ ಮೇಲೆ ಮಲಗಿದೆ, ನಡುಗುತ್ತಿದೆ. ಅಳು ಬಂತು.

೮ ಡಿಸೆಂಬರ್, ಶುಕ್ರವಾರ

ನಾನು ನಿನ್ನೆ ಅತ್ತದ್ದನ್ನು ಅವ್ವ ನೋಡಿದ್ದಳು ಅಂತ ಕಾಣುತ್ತದೆ. ಬೆಳಿಗ್ಗೆ ಪೂಜೆ ಮುಗಿಸಿ ತನ್ನ ಟ್ರಂಕು ತೆಗೆದಳು. ತಳದಿಂದ ಒಂದು ಗಂಟು ತಂದು ನನ್ನ ಮುಂದೆ ಹಾಕಿದಳು. ಬಿಚ್ಚಿದರೆ ಅರಿವೆಗಳು. ಅವಳ ಹಳೆ ನೂಲಿನ ಸೀರೆಗಳನ್ನು ಹರಿದು, ಅಂಚು ಮಡಿಸಿ ಹೊಲಿದು, ಚೌಕ ಚೌಕ ಮಾಡಿ ಇಟ್ಟವು. ಒಗೆದು ಒಗೆದು ಹಾಲಿನ ಕೆನೆಯಷ್ಟು ಮೆತ್ತಗೆ.

ಕೂಸಿನ ಅರಿವೆ. ನಮ್ಮಲ್ಲಿ ಎಳೆ ಕೂಸಿಗೆ ಹೊಸ ಬಟ್ಟೆ ಮುಟ್ಟಿಸುವುದಿಲ್ಲ, ಮನೆಯ ಹಿರಿಯಳ ಸೀರೆ ಹರಿದೇ ಕೊಡಬೇಕು. ಆದರೆ ಕೂಸು ಹುಟ್ಟುವ ಮುಂಚೆ ಹರಿಯಬಾರದು. ತೊಟ್ಟಿಲು ತರಬಾರದು, ಅರಿವೆ ಹರಿಯಬಾರದು, ಏನೂ ಮಾಡಿಡಬಾರದು. ಅದು ಎಲ್ಲರಿಗೂ ಗೊತ್ತು.

"ಯಾವಾಗ ಹರದಿ ಅವ್ವ?"

"ಮೊದಲನೇ ಸಲ. ಅಕಿಗೆ ಮೂರು ತುಂಬಿತ್ತು. ತಡಕೊಳ್ಳಾಕ ಆಗಲಿಲ್ಲಲೇ ನನಗ, ಹರದುಬಿಟ್ಟೆ. ಅದು ಹೋತು. ಸುಡಬೇಕು ಅಂದ್ರ ಮನಸ್ಸಾಗಲಿಲ್ಲ, ಮುಚ್ಚಿಟ್ಟೆ. ಎರಡನೇದೂ ಹೋತು." ಅವ್ವ ಮೊಣಕಾಲು ಹಿಡಿದುಕೊಂಡು ನೆಲದ ಮೇಲೆ ಕೂತಳು. "ನನ್ನ ಕೈಲೇ ಆತು ಅಂತ ದಿನಾ ಪೂಜಿಗೆ ಕುಂತಾಗ ಅನಸತೈತಿ. ಯಾರಿಗೆ ಹೇಳಲಿ?"

ಅವ್ವ ಹೀಗೆ ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ. "ಹಂಗೆಲ್ಲಾ ಇರಂಗಿಲ್ಲವ್ವ" ಅಂದೆ. ಅಂಗಿಯ ಮಾತನ್ನು ಅವಳಿಗೆ ಹೇಳಿದೆ. ಅವಳು, "ಹಂಗೆಲ್ಲಾ ಇರಂಗಿಲ್ಲಪ" ಅಂದಳು. ಇಬ್ಬರ ಮಾತನ್ನು ಇಬ್ಬರೂ ನಂಬಲಿಲ್ಲ.

ಆಮೇಲೆ ಅವಳೇ ಎರಡು ಅರಿವೆ ಮಡಿಸಿ ಟ್ರೇಯಲ್ಲಿ ಹಾಸಿ, ಅಳ್ಳುವನ್ನು ಎರಡೂ ಕೈಯಿಂದ ಎತ್ತಿ ಮಲಗಿಸಿದಳು. ಇಷ್ಟು ದಿನ ಅದನ್ನು ಅವಳು ಮುಟ್ಟಿರಲಿಲ್ಲ. "ನನ್ನ ಸೀರಿಗೆ ಯಾರೂ ಎಣ್ಣಿ ಹೊಡದಿಲ್ಲ. ಮಲಕೋ" ಅಂದಳು. ನನ್ನ ಕಡೆ ತಿರುಗಿ, "ಕೂಸಿಗೆ ಹುಟ್ಟಿದ ಮ್ಯಾಲೆ ಬ್ಯಾರೇ ಹರೀತೀನಿ. ಇವು ಇಲ್ಲೇ ಹರದು ಹೋಗಲಿ" ಅಂದಳು.

೧೧ ಡಿಸೆಂಬರ್, ಸೋಮವಾರ

ದಿನಾ ನಾನೇ ಅರಿವೆ ತೊಳೆಯುತ್ತೇನೆ. ಅವ್ವನ ಮೊಣಕಾಲು ಬಗ್ಗುವುದಿಲ್ಲ. ಮೊದಲು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಕುದಿಯುವ ನೀರಲ್ಲಿ ನೆನೆಸಿ, ಸೋಪು ಹೋಗುವ ತನಕ ಹಿಂಡಬೇಕು. ಸೋಪು ಉಳಿದರೆ ಅದನ್ನೂ ನೆಕ್ಕುತ್ತದೆ. ಹಿತ್ತಲಿನ ಹಗ್ಗಕ್ಕೆ ಸಾಲಾಗಿ ಹಾಕಿದರೆ ಮಧ್ಯಾಹ್ನದೊಳಗೆ ಒಣಗುತ್ತವೆ. ಬಲಗೈ ಹೆಬ್ಬೆರಳಿನ ಚರ್ಮ ಸುಲಿದಿದೆ. ಇದನ್ನು ಹೆಂಗಸರು ಜೀವಮಾನವಿಡೀ ಮಾಡುತ್ತಾರೆ, ಒಬ್ಬರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಇವತ್ತು ಪಕ್ಕದ ಮನೆಯ ಮರುಳಸಿದ್ದಮ್ಮ ಗೋಡೆಯ ಮೇಲಿಂದ ತಲೆ ಎತ್ತಿದರು. ಹಗ್ಗ ನೋಡಿದರು, ನನ್ನನ್ನು ನೋಡಿದರು.

"ಆತೇನ್ರಿ ಹೆರಿಗಿ, ಇಷ್ಟು ಲಗೂನ? ಒಂದ ಮಾತು ಹೇಳಲಿಲ್ಲಲ್ರಿ!"

"ಇಲ್ಲ ಬಿಡ್ರಿ ಅಕ್ಕಾರ. ಇನ್ನೂ ಐತಿ."

"ಮತ್ತ ಈ ಅರಿವಿ?"

"ಮೊಲಕ್ಕ."

ಅವರು ಹಗ್ಗದ ಮೇಲಿನ ಅರಿವೆ ಎಣಿಸಿದರು. "ಮೊಲಕ್ಕ," ಅಂದರು. "ಆತು ಬಿಡ್ರಿ. ಹೇಳಾಕ ಮನಸ್ಸಿಲ್ಲದಿದ್ರ ಬ್ಯಾಡ. ದೊಡ್ಡದಾಗಲಿ, ಚಲೋ ಆಗಲಿ." ತಲೆ ಕೆಳಗಿಳಿಯಿತು. ಸಂಜೆ ಒಂದು ಬಟ್ಟಲು ಬೆಲ್ಲ ಕಳಿಸಿದರು. ಕೂಸಿನ ಅರಿವೆ ಮೊಲಕ್ಕೆ ಹಾಕುತ್ತಾರೆ ಅಂದರೆ ಯಾರು ತಾನೇ ನಂಬುತ್ತಾರೆ. ಬೆಲ್ಲವನ್ನು ಏನು ಮಾಡಬೇಕೋ ತಿಳಿಯದೆ ಅವ್ವ ಗೋಡೆಯ ಮಾಡದಲ್ಲಿ ಇಟ್ಟಿದ್ದಾಳೆ.

ಅಳ್ಳು ಇವತ್ತು ಕ್ಯಾರೆಟ್ ತುರಿ ಒಂದಿಷ್ಟು ನೆಕ್ಕಿತು.

೧೩ ಡಿಸೆಂಬರ್, ಬುಧವಾರ

ನೆಕ್ಕಿದ್ದೂ ನಿಂತಿತು. ಡಾಕ್ಟರು ಮನೆಗೇ ಬಂದು ಇನ್ನೊಂದು ಸೂಜಿ ಹಾಕಿ ಹೋದರು. ನಾನು ಅದರ ಪಕ್ಕದಲ್ಲೇ ಚಾಪೆ ಹಾಕಿಕೊಂಡಿದ್ದೇನೆ. ಹೊಟ್ಟೆಯ ಮೇಲೆ ಕೈ ಇಟ್ಟರೆ ಉಸಿರು ತಿಳಿಯುತ್ತದೆ. ಕೈ ತೆಗೆದರೆ ತಿಳಿಯುವುದಿಲ್ಲ. ಆದ್ದರಿಂದ ಕೈ ತೆಗೆಯುತ್ತಿಲ್ಲ, ಎಡಗೈಯಲ್ಲಿ ಪುಸ್ತಕ ಒತ್ತಿ ಹಿಡಿಯಲು ಆಗದೆ ಅಕ್ಷರ ಸೊಟ್ಟಾಗಿವೆ.

ಮಿಲ್ಲು ಯರ್ರೆಪ್ಪ ನೋಡಿಕೊಳ್ಳುತ್ತಿದ್ದಾನೆ. ಎರಡು ಟ್ರ್ಯಾಕ್ಟರು ಹೂವಿನಹಡಗಲಿಯ ಮಿಲ್ಲಿಗೆ ಹೋದವಂತೆ. ಹೋಗಲಿ.

೧೫ ಡಿಸೆಂಬರ್, ಶುಕ್ರವಾರ

ಸಂಜೆ ಫೋನು ಬಂತು. ಅರ್ಚನಾ. ನಾನು ಬಾಯಿ ತೆಗೆಯುವ ಮುಂಚೆಯೇ ಶುರು ಮಾಡಿದಳು.

"ಮನ್ಯಾಗ ಕೂಸಿನ ಅರಿವಿ ಒಣಗಾಕ ಹಾಕೀರಂತ?"

ಮರುಳಸಿದ್ದಮ್ಮನ ತಂಗಿಯನ್ನು ಹರಪನಹಳ್ಳಿಗೆ ಕೊಟ್ಟದ್ದು ನನಗೆ ನೆನಪೇ ಇರಲಿಲ್ಲ.

"ಅಕಿ ಕೊಬ್ರಿ ಬೆಲ್ಲ ತಗೊಂಡು ಬಂದಾಳ್ರಿ, ಕೂಸು ನೋಡಾಕ. ನಾ ಮಂಚದ ಮ್ಯಾಲೆ ಹೊಟ್ಟಿ ಹಿಡಕೊಂಡು ಮಲಗೀನಿ. ಕೂಸು ಎಲ್ಲೈತಿ ಅಂತ ಅಕಿ ಕೇಳತಾಳ, ಕೊಟ್ಟೂರಿಗೆ ಹೆಂಗ ಹೋತು ಅಂತ ನಾ ಕೇಳತೀನಿ." ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಆಮೇಲೆ ದನಿ ಇಳಿಯಿತು. "ಏನ್ ಆಗೈತ್ರಿ? ಖರೇ ಹೇಳ್ರಿ. ಅಳ್ಳೂಗೆ ಏನ್ ಆಗೈತಿ?"

ಮನಸ್ಸಿಗೆ ಪೆಟ್ಟು ಬೀಳಬಾರದು ಅಂದಿದ್ದರು. ಇಷ್ಟು ದಿನ ಅದಕ್ಕೇ ಸುಳ್ಳು ಹೇಳಿಕೊಂಡು ಬಂದೆ. ಇವತ್ತು ಒಂದು ಸುಳ್ಳೂ ಹೊಳೆಯಲಿಲ್ಲ. ಎಲ್ಲಾ ಹೇಳಿಬಿಟ್ಟೆ. ಹೊಟ್ಟು, ಪುಡಿ, ಸೂಜಿ, ಏಳದ ಹಿಂಗಾಲು, ಅವ್ವನ ಗಂಟು. ಕೊನೆಗೆ ಅಂಗಿಯ ವಿಷಯಕ್ಕೆ ಬಂದೆ. "ನಿನ್ನ ಕೈಲೆ ದಿನಾ ಒಗಿಸಿದೆನಲ್ಲ ಅರ್ಚನಾ..." ಅಂದೆ.

"ಸಾಕ್ರಿ," ಅಂದಳು. "ಅದನ್ನ ಈಗ ಮಾತಾಡಬ್ಯಾಡ್ರಿ."

ಆಮೇಲೆ ಅವಳೇ ಕೇಳಿದಳು.

"ಜೀವ ಐತೇನ್ರಿ ಅದಕ್ಕ?"

"ಐತಿ."

"ಹೋದ ಭಾನುವಾರನೂ ಹಿಂಗ ಅಂದ್ರಿ. ಮೂರು ಹಿಡಿ ಕೊತ್ತಂಬರಿ ತಿಂತು ಅಂತ ಅದರ ಹಿಂದಿನ ವಾರ ಅಂದ್ರಿ. ನಾ ಹೆಂಗ ನಂಬಲಿ?" ಮೂಗು ಎಳೆದುಕೊಂಡಳು. "ನನಗ ಕೇಳಿಸ್ರಿ. ಫೋನು ಅದರ ಹಂತೇಕ ಹಿಡೀರಿ."

ಫೋನಿನ ವೈರು ಟ್ರೇ ತನಕ ಎಳೆದರೆ ಮುಟ್ಟುತ್ತದೆ. ಮೊಣಕಾಲೂರಿ ಕೂತು ರಿಸೀವರನ್ನು ಅಳ್ಳುವಿನ ಪಕ್ಕೆಗೆ ಹಿಡಿದೆ. ಮೊಲಕ್ಕೆ ದನಿ ಇಲ್ಲ. ಅಷ್ಟು ಒದ್ದಾಡಿದ ದಿನವೂ ಅದು ಕಿಕ್ ಅಂದಿರಲಿಲ್ಲ. ಪಕ್ಕೆ ಸಣ್ಣಗೆ ಏರುತ್ತಿತ್ತು, ಇಳಿಯುತ್ತಿತ್ತು. ಅದು ನನ್ನ ಕಣ್ಣಿಗೆ ಕಾಣುತ್ತಿತ್ತು, ಅದರ ಸಪ್ಪಳ ಮಾತ್ರ ಪಕ್ಕದಲ್ಲೇ ಕೂತ ನನಗೂ ಕೇಳುತ್ತಿರಲಿಲ್ಲ. ಅವ್ವ ದೇವರ ಕೋಣೆಯಿಂದ ಬಂದು ನನ್ನ ಹಿಂದೆ ನಿಂತಳು. ಫ್ಯಾನು ಬಂದ್ ಮಾಡಿದಳು. ಏನಾದರೂ ಮಾಡು, ಕಾಲಾದರೂ ಬಡಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಅದು ಕಣ್ಣು ತೆರೆದು ನನ್ನನ್ನು ನೋಡಿತು, ಅಷ್ಟೇ.

ರಿಸೀವರ್ ಕಿವಿಗೆ ತಂದೆ.

"ಕೇಳಿಸ್ತು," ಅಂದಳು ಅರ್ಚನಾ. "ಉಸಿರು ಕೇಳಿಸ್ತು."

"ಹೂಂ," ಅಂದೆ.

"ಈಗ ನೀವು ಕೇಳ್ರಿ."

"ಏನು?"

"ಕೂಸು ಮುಂಜಾನಿಂದ ಒದ್ಯಾಕತ್ತೈತ್ರಿ. ಸುಮ್ಮನ ಕೇಳ್ರಿ." ಆ ಕಡೆ ಸೀರೆ ಸರಿದ ಸಪ್ಪಳವಾಯಿತು.

ಕಿವಿ ನೋಯುವಷ್ಟು ಒತ್ತಿ ಹಿಡಿದೆ. ಉಸಿರು ಬಿಗಿ ಹಿಡಿದೆ. ವೈರಿನ ಗುಂಯ್ ಅನ್ನುವ ಸದ್ದು. ದೂರದಲ್ಲಿ ಅವರ ಮನೆಯಲ್ಲಿ ಯಾರೋ ಪಾತ್ರೆ ಇಟ್ಟರು. ಮತ್ತೆ ಅದೇ ಗುಂಯ್. ಬೇರೆ ಏನೂ ಇಲ್ಲ. ನನ್ನ ಇನ್ನೊಂದು ಕೈ ಅಳ್ಳುವಿನ ಹೊಟ್ಟೆಯ ಮೇಲಿತ್ತು.

"ಕೇಳಿಸ್ತೇನ್ರಿ?" ಅಂದಳು.

"ಕೇಳಿಸ್ತು," ಅಂದೆ. "ಗಟ್ಟಿ ಐತಿ."

ಅವ್ವ ತನಗೂ ಒಂದಿಷ್ಟು ಕೇಳಿಸು ಅಂತ ರಿಸೀವರಿಗೆ ಕೈ ಚಾಚಿದಳು.